ಬೊಚ್ಚಾನ್ ಊರಿನ ನಾಮೋಶಿ

ದೋಗೋ ಓನ್ಸೆನ್‌ನಲ್ಲಿ ಗಂಡಸರ ಸ್ನಾನದ ತೊಟ್ಟಿ ಇರೋ ಕೋಣೆಯ ಗೋಡೆ ಮೇಲೆ ಒಂದು ಮರದ ಹಲಗೆ ಇದೆ. ಅದರಲ್ಲಿ ಏನು ಬರೆದಿದೆ ಅಂತ ನನಗೆ ಮೊದಲೇ ಗೊತ್ತಿತ್ತು, ಓದೋಕೆ ಬರ್ತಿರಲಿಲ್ಲ ಅಷ್ಟೆ. ನಾನು ಅದನ್ನೇ ನೋಡ್ತಾ ನಿಂತಿದ್ದು ಕಂಡು, ಪಕ್ಕದಲ್ಲಿ ಕುತ್ತಿಗೆವರೆಗೂ ಮುಳುಗಿ ಕೂತಿದ್ದ ಅಜ್ಜ ಒಬ್ಬರು ಎರಡೂ ಕೈ ಎತ್ತಿ ಈಜೋ ಹಾಗೆ ಮಾಡಿ ತೋರಿಸಿದರು. ಆಮೇಲೆ ಬೆರಳು ಆಡಿಸಿ ‘ಊಹೂಂ’ ಅಂದು, ಜೋರಾಗಿ ನಕ್ಕರು. ನಾನೂ ನಕ್ಕೆ. ಬೊಚ್ಚಾನ್ ಇಲ್ಲಿ ಈಜಕೂಡದು ಅನ್ನೋದು ಆ ಹಲಗೆಯ ತಾತ್ಪರ್ಯ.

ಬೊಚ್ಚಾನ್ ಅನ್ನೋನು ನಿಜವಾದ ಮನುಷ್ಯ ಅಲ್ಲ. ನಾತ್ಸುಮೆ ಸೋಸೆಕಿ 1906ರಲ್ಲಿ ಬರೆದ ಸಣ್ಣ ಕಾದಂಬರಿಯೊಂದರ ನಾಯಕ. ಇಲ್ಲದೇ ಇರೋ ಮನುಷ್ಯನಿಗೆ ನೂರು ವರ್ಷದ ಮೇಲೂ ಈಜಬೇಡ ಅಂತ ಬೋರ್ಡ್ ಹಾಕಿಟ್ಟಿರೋ ಊರು ಇದು.

ದೋಗೋ ಇರೋದು ಜಪಾನಿನ ಶಿಕೋಕು ದ್ವೀಪದ ಮತ್ಸುಯಾಮಾ ನಗರದಲ್ಲಿ. ಕ್ಲೈಂಟ್ ಕೆಲಸಕ್ಕೆ ಅಂತ ಒಸಾಕಾಗೆ ಹೋಗಿದ್ದವನು ಒಂದು ವಾರಾಂತ್ಯ ಬಿಡುವು ಮಾಡ್ಕೊಂಡು, ಒಕಾಯಾಮಾದಲ್ಲಿ ರೈಲು ಬದಲಿಸಿ, ಸಮುದ್ರದ ಮೇಲಿನ ಸೇತುವೆ ದಾಟಿ ಅಲ್ಲಿಗೆ ಹೋದೆ. ಮತ್ಸುಯಾಮಾದಲ್ಲಿ ಇಳಿದ ಕ್ಷಣದಿಂದ ಎಲ್ಲೆಲ್ಲೂ ಬೊಚ್ಚಾನೇ. ಹಳೇ ಉಗಿಬಂಡಿಯ ವೇಷ ಹಾಕ್ಕೊಂಡು ಟ್ರಾಮ್ ಹಳಿ ಮೇಲೆ ಓಡೋ ಡೀಸೆಲ್ ಗಾಡಿಗೆ ಬೊಚ್ಚಾನ್ ರೈಲು ಅಂತ ಹೆಸರು. ಕಡ್ಡಿಗೆ ಚುಚ್ಚಿದ ಮೂರು ಬಣ್ಣದ ಉಂಡೆಗೆ ಬೊಚ್ಚಾನ್ ದಾಂಗೊ. ಬೇಸ್‌ಬಾಲ್ ಮೈದಾನ ಬೊಚ್ಚಾನ್ ಸ್ಟೇಡಿಯಂ. ದೋಗೋ ಸ್ಟೇಷನ್ ಎದುರಿಗೆ ಒಂದು ಗಡಿಯಾರದ ಗೋಪುರ ಇದೆ, ಗಂಟೆ ಹೊಡೆದಾಗ ಕಾದಂಬರಿಯ ಪಾತ್ರಗಳು ಗೊಂಬೆಗಳಾಗಿ ಹೊರಗೆ ಬಂದು ಮುಖ ತೋರಿಸಿ ಹೋಗ್ತವೆ.

ಕಾದಂಬರಿ ಓದದೇ ಹೋದವರಿಗೆ, ಪಾಪ, ಈ ಊರಿಗೆ ಮಹದುಪಕಾರ ಮಾಡಿದ ಯಾರೋ ಪುಣ್ಯಾತ್ಮ ಇರಬೇಕು ಅನ್ನಿಸುತ್ತೆ. ಓದಿ ಹೋದವರಿಗೆ ತಲೆ ಕೆಡುತ್ತೆ. ಯಾಕಂದ್ರೆ ಬೊಚ್ಚಾನ್ ಈ ಊರನ್ನು ಮೊದಲ ಪುಟದಿಂದ ಕೊನೇ ಪುಟದವರೆಗೆ ಬೈಯ್ತಾನೆ.

ಕತೆ ಸರಳ. ಬೊಚ್ಚಾನ್ ಅಂದರೆ ನಮ್ಮ ಕಡೆ ‘ಚಿಕ್ಕ ಯಜಮಾನ್ರು’ ಅಂತೀವಲ್ಲ, ಹಾಗೆ. ಮನೆಯ ಹಳೇ ಕೆಲಸದಾಕೆ ಕಿಯೋ ಅವನನ್ನು ಮುದ್ದಿನಿಂದ ಕರೆಯೋ ಹೆಸರು. ತೋಕಿಯೋದಲ್ಲಿ ಹುಟ್ಟಿ ಬೆಳೆದ, ದುಡುಕು ಸ್ವಭಾವದ, ಒಳಗೊಂದು ಹೊರಗೊಂದು ಗೊತ್ತಿಲ್ಲದ ಹುಡುಗ. ಭೌತಶಾಸ್ತ್ರದ ಕಾಲೇಜೊಂದರಲ್ಲಿ ಓದಿ, ತಿಂಗಳಿಗೆ 40 ಯೆನ್ ಸಂಬಳಕ್ಕೆ ಶಿಕೋಕುವಿನ ಒಂದು ಊರಿಗೆ ಗಣಿತದ ಮೇಷ್ಟ್ರಾಗಿ ಬರ್ತಾನೆ. ಕಾದಂಬರಿಯಲ್ಲಿ ಊರಿಗೆ ಹೆಸರೇ ಇಲ್ಲ, ಸ್ನಾನದ ಊರಿಗೆ ‘ಸುಮಿತಾ’ ಅಂತ ಬೇರೆ ಹೆಸರಿದೆ. ಆದರೆ ಸೋಸೆಕಿ ಸ್ವತಃ 1895ರಲ್ಲಿ ಮತ್ಸುಯಾಮಾದ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ, ಒಂದೇ ವರ್ಷಕ್ಕೆ ಬಿಟ್ಟು ಹೋದವರು. ಹಾಗಾಗಿ ಯಾವ ಊರು ಅನ್ನೋದರಲ್ಲಿ ಯಾರಿಗೂ ಅನುಮಾನ ಇಲ್ಲ.

ಬೊಚ್ಚಾನ್‌ಗೆ ಊರಲ್ಲಿ ಏನೂ ಹಿಡಿಸಲ್ಲ. ಬೀದಿ ಸಣ್ಣದು, ಜನ ಕುತಂತ್ರಿಗಳು, ಹುಡುಗರು ಪೋಲಿಗಳು. ಅಂಗಡಿಗೆ ಹೋಗಿ ನಾಲ್ಕು ಬಟ್ಟಲು ತೆಂಪುರಾ ನೂಡಲ್ಸ್ ತಿಂದರೆ ಮರುದಿನ ಕಪ್ಪುಹಲಗೆ ಮೇಲೆ ಅವನ ಹೆಸರು ತೆಂಪುರಾ ಮೇಷ್ಟ್ರು. ಎರಡು ತಟ್ಟೆ ದಾಂಗೊ ತಿಂದರೆ ಅದರ ಬಿಲ್ಲೂ ಹಲಗೆ ಮೇಲೆ. ಬಿಸಿನೀರ ತೊಟ್ಟಿಯಲ್ಲಿ ಯಾರೂ ಇಲ್ಲ ಅಂತ ಒಂದು ಸುತ್ತು ಈಜಿದರೆ, ಸ್ನಾನದ ಮನೆಯವರು ಈಜಬಾರದು ಅಂತ ಬೋರ್ಡ್ ಹಾಕ್ತಾರೆ. ಅದು ಹೇಗೋ ಶಾಲೆಗೂ ಗೊತ್ತಾಗಿ, ಅವನು ಕ್ಲಾಸಿಗೆ ಬರೋಷ್ಟರಲ್ಲಿ ಹುಡುಗರು ಅದನ್ನೂ ಬರೆದಿಟ್ಟಿರ್ತಾರೆ. ಇಷ್ಟು ಕೊಂಕು ಮಾತಿನ ನಡುವೆ ಅವನು ಒಪ್ಪಿಕೊಳ್ಳೋದು ಒಂದೇ ಒಂದನ್ನ: ಬೇರೆ ಯಾವುದರಲ್ಲೂ ಈ ಊರು ತೋಕಿಯೋದ ಕಾಲ ಹತ್ತಿರಕ್ಕೂ ಬರಲ್ಲ, ಬಿಸಿನೀರ ಸ್ನಾನದ ಮನೆ ಮಾತ್ರ ಭರ್ಜರಿ.

ಈ ಪುಸ್ತಕವನ್ನ ನಾನು ಮೊದಲು ಓದಿದ್ದು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಪಿಜಿಯ ಮಂಚದ ಮೇಲೆ, ಇಂಗ್ಲಿಷ್ ಅನುವಾದದಲ್ಲಿ. ಬಿದ್ದು ಬಿದ್ದು ನಕ್ಕಿದ್ದೆ. ರಾಜಕೀಯ ಮಾಡೋ ಮ್ಯಾನೇಜರು, ಅವನ ಬಾಲಂಗೋಚಿ, ಸಿಟ್ಟಿಗೆದ್ದು ರಾಜೀನಾಮೆ ಬಿಸಾಕೋ ಹುಡುಗ, ಎಲ್ಲ ನಮ್ಮ ಆಫೀಸಿನದೇ ಕತೆ. ಸಾಲದ್ದಕ್ಕೆ ಕೊನೆಗೆ ಬೊಚ್ಚಾನ್ ತೋಕಿಯೋಗೆ ವಾಪಸ್ ಹೋಗಿ 25 ಯೆನ್ ಸಂಬಳಕ್ಕೆ ಟ್ರಾಮ್ ಕಂಪನಿಯಲ್ಲಿ ತಂತ್ರಜ್ಞನಾಗಿ ಸೇರ್ತಾನೆ. ಪ್ಯಾಕೇಜ್ ಕಮ್ಮಿ ಆದರೂ ಪರವಾಗಿಲ್ಲ, ಮನಸ್ಸಾಕ್ಷಿ ಮುಖ್ಯ ಅನ್ನೋ ಇಂಜಿನಿಯರ್! ಇವನು ನಮ್ಮವನೇ ಅನ್ನಿಸಿತ್ತು.

ಎರಡನೇ ಸಲ ಓದಿದ್ದು ಮತ್ಸುಯಾಮಾಗೆ ಹೋಗೋ ರೈಲಲ್ಲಿ. ಈ ಸಲ ನಗು ಅಷ್ಟು ಸಲೀಸಾಗಿ ಬರಲಿಲ್ಲ.

ಒಂದು ಪ್ರಸಂಗ ಇದೆ. ಬೊಚ್ಚಾನ್ ರಾತ್ರಿಪಾಳಿಗೆ ಹಾಸ್ಟೆಲಲ್ಲಿ ಮಲಗಿದಾಗ ಹುಡುಗರು ಅವನ ಹಾಸಿಗೆಗೆ ಹತ್ತಾರು ಮಿಡತೆ ಬಿಟ್ಟಿರ್ತಾರೆ. ಅವನು ಹುಡುಗರನ್ನ ಕರೆದು, ಹಾಸಿಗೇಲಿ ‘ಬತ್ತಾ’ ಯಾಕೆ ಬಿಟ್ರಿ ಅಂತ ದಬಾಯಿಸ್ತಾನೆ. ಅವರು ತಣ್ಣಗೆ, ಅದು ಬತ್ತಾ ಅಲ್ಲ ಮೇಷ್ಟ್ರೇ, ‘ಇನಾಗೊ’ ಅಂತಾರೆ. ಇನಾಗೊ ಅಂದರೆ ಗದ್ದೆಯ ಮಿಡತೆ. ಬೊಚ್ಚಾನ್ ಇದನ್ನ ಹುಡುಗರ ಉದ್ಧಟತನ ಅಂತ ಹೇಳ್ತಾನೆ, ಓದುಗರೂ ಹಾಗೇ ನಗ್ತಾರೆ. ಪಿಜಿಯಲ್ಲಿ ನಾನೂ ಹಾಗೇ ನಕ್ಕಿದ್ದೆ. ರೈಲಲ್ಲಿ ಮಾತ್ರ ಹುಡುಗರು ಹೇಳಿದ್ದು ಸರಿಯಾಗೇ ಇದೆಯಲ್ಲ ಅನ್ನಿಸಿತು. ಮಿಡತೆ ಬಿಟ್ಟಿದ್ದು ತಪ್ಪು, ಒಪ್ಪೋಣ. ಆದರೆ ಗದ್ದೆ ಬದಿಯಲ್ಲಿ ಬೆಳೆದ ಹುಡುಗರಿಗೆ ಹುಳುವಿನ ಹೆಸರು ಗೊತ್ತು, ತೋಕಿಯೋದ ಮೇಷ್ಟ್ರಿಗೆ ಗೊತ್ತಿಲ್ಲ. ಆ ಗೊತ್ತಿಲ್ಲದಿರೋದನ್ನ ಅವನು ಒಂದು ಕ್ಷಣವೂ ಒಪ್ಪಿಕೊಳ್ಳಲ್ಲ.

ಇನ್ನೊಂದು, ಭಾಷೆ. ಆ ಊರಿನವರು ಮಾತಿನ ಕೊನೆಗೆ ‘ನಾಮೋಶಿ’ ಅಂತ ಸೇರಿಸ್ತಾರೆ. ನಾವು ‘ಅಲ್ವಾ’, ‘ಕಣಪ್ಪಾ’ ಅಂತ ಸೇರಿಸ್ತೀವಲ್ಲ, ಸುಮಾರಾಗಿ ಹಾಗೆ. ಬೊಚ್ಚಾನ್‌ಗೆ ಈ ನಾಮೋಶಿ ಕಿವಿಗೆ ಬಿದ್ದರೇ ಮೈ ಉರಿಯುತ್ತೆ. ನಮ್ಮಲ್ಲಿ ನಾಮೋಶಿ ಅಂದರೆ ಅವಮಾನ. ಎರಡಕ್ಕೂ ಯಾವ ಸಂಬಂಧವೂ ಇಲ್ಲ, ಬರೀ ಕಾಕತಾಳೀಯ. ಆದರೆ ಕಾಲೇಜು ಸೇರಿದ ಮೊದಲ ವಾರ ‘ಹೋಯ್ತೀನಿ’ ಅಂದಿದ್ದಕ್ಕೆ ಒಂದು ಸೆಮಿಸ್ಟರ್ ಪೂರ್ತಿ ‘ಹೋಯ್ತೀನಿ’ ಅನ್ನೋ ಹೆಸರಲ್ಲೇ ಕರೆಸಿಕೊಂಡ ನನಗೆ, ಆ ಎರಡೂ ನಾಮೋಶಿ ಒಂದೇ ಅನ್ನಿಸಿದ್ದರಲ್ಲಿ ಆಶ್ಚರ್ಯ ಇಲ್ಲ. ಎರಡನೇ ಸೆಮಿಸ್ಟರಿಗೆ ನಾನು ‘ಹೋಗ್ತೀನಿ’ ಅನ್ನೋದು ಕಲಿತೆ.

ಮೂರನೇದು ಎಲ್ಲಕ್ಕಿಂತ ಮುಖ್ಯ. ಕಾದಂಬರಿಯಲ್ಲಿ ನಿಜವಾದ ಕೇಡಿಗರು ಯಾರು? ಒಬ್ಬ ‘ಕೆಂಪಂಗಿ’ ಅನ್ನೋ ಅಡ್ಡಹೆಸರಿನ ಉಪಮುಖ್ಯಸ್ಥ. ವಿಶ್ವವಿದ್ಯಾಲಯದ ಪದವೀಧರ, ನಯವಾದ ಮಾತು, ಬಾಯಿ ತೆಗೆದರೆ ಪಾಶ್ಚಾತ್ಯ ಸಾಹಿತ್ಯ. ಇನ್ನೊಬ್ಬ ಅವನ ಹಿಂಬಾಲಕ, ಚಿತ್ರಕಲೆ ಮೇಷ್ಟ್ರು ನೋದಾ. ಅವನು ಬೊಚ್ಚಾನ್ ಥರಾನೇ ತೋಕಿಯೋದವನು, ಹಾಗಂತ ಅವನೇ ಹೇಳ್ಕೊಳ್ತಾನೆ. ಇವರಿಬ್ಬರ ಸಂಚಿಗೆ ಬಲಿಯಾಗಿ, ಮದುವೆಯಾಗಬೇಕಿದ್ದ ಹುಡುಗಿಯನ್ನೂ ಊರನ್ನೂ ಕಳ್ಕೊಂಡು ದೂರದ ಊರಿಗೆ ವರ್ಗವಾಗಿ ಹೋಗೋ ಸಾಧು ಮೇಷ್ಟ್ರು ಮಾತ್ರ ಅದೇ ಊರಿನವನು. ಬೊಚ್ಚಾನ್‌ಗೆ ಅವನ ಮೇಲೆ ಗೌರವ ಇದೆ, ಅದನ್ನ ಹೇಳದಿದ್ದರೆ ಅನ್ಯಾಯ. ಆದರೆ ಲೆಕ್ಕ ನೋಡಿ: ಮೋಸ ಮಾಡಿದವರು ಹೊರಗಿಂದ ಬಂದ ಓದಿದವರು, ಮೋಸ ಹೋದವನು ಊರಿನವನು. ಕೊನೆಯಲ್ಲಿ ಹಡಗು ಹತ್ತುವಾಗ ಬೊಚ್ಚಾನ್ ಕೊಳಕು ಅಂತ ಬೈದು ಹೋಗೋದು ಊರನ್ನ!

ಹೀಗೆ ಓದಿದ ಮೇಲೆ, ಅವನು ಹೊಗಳಿದ ಆ ಒಂದೇ ಒಂದು ವಸ್ತುವಿನ ಮೇಲೆ ನನಗೆ ಕುತೂಹಲ ಹುಟ್ಟಿತು. ಸ್ನಾನದ ಮನೆ ಮೂರಂತಸ್ತಿನದು, ಹೊಸದಾಗಿ ಕಟ್ಟಿದ್ದು ಅಂತ ಬೊಚ್ಚಾನ್ ಗಮನಿಸ್ತಾನೆ. ಯಾರು ಕಟ್ಟಿದರು ಅಂತ ಅವನು ಕೇಳಲ್ಲ.

ಕಟ್ಟಿದ್ದು ಅವನು ಬೈದ ಅದೇ ಜನ. ಆಗ ಮತ್ಸುಯಾಮಾದಿಂದ ಬೇರೆಯಾಗಿದ್ದ ದೋಗೋ ಪಟ್ಟಣದ ಮೊದಲ ಮೇಯರ್ ಇಸಾನಿವಾ ಯುಕಿಯಾ, ಹಳೇ ಸ್ನಾನದ ಮನೆ ಕೆಡವಿ ಹೊಸದು ಕಟ್ಟೋಣ ಅಂತ ಹೊರಟರು. ಖರ್ಚು 1,35,000 ಯೆನ್. ಬೊಚ್ಚಾನ್ ಸಂಬಳದ ಲೆಕ್ಕದಲ್ಲಿ ಅದು 280 ವರ್ಷದ ದುಡಿಮೆ. ಅಷ್ಟು ಸಣ್ಣ ಊರಿಗೆ ಇದು ಹುಚ್ಚು ಸಾಹಸ ಅಂತ ಊರಲ್ಲಿ ದೊಡ್ಡ ವಿರೋಧ ಎದ್ದಿತ್ತು. ಮೇಯರ್ ಸಂಬಳ ತಗೊಳ್ಳದೇ ಕೆಲಸ ಮಾಡಿದರು. 1894ರಲ್ಲಿ ಕಟ್ಟಡ ಮುಗೀತು. ಮರುವರ್ಷವೇ ಸೋಸೆಕಿ ಊರಿಗೆ ಬಂದಿದ್ದು. ಅಂದರೆ ಕಾದಂಬರಿಯಲ್ಲಿ ಬೊಚ್ಚಾನ್ ಈಜಿದ್ದು, ಒಂದು ಸಣ್ಣ ಊರು ತನ್ನ ಶಕ್ತಿ ಮೀರಿ, ಜಗಳ ಆಡ್ಕೊಂಡು, ಆಗಷ್ಟೇ ಕಟ್ಟಿ ಮುಗಿಸಿದ ತೊಟ್ಟಿಯಲ್ಲಿ. ಈಜಬೇಡಿ ಅಂತ ಬೋರ್ಡ್ ಹಾಕದೆ ಇನ್ನೇನು ಮಾಡ್ತಾರೆ?

ಕಟ್ಟಡದ ಬಗ್ಗೆ ಎರಡು ಮಾತು. ಮಿಯಾಜಾಕಿಯ ‘ಸ್ಪಿರಿಟೆಡ್ ಅವೇ’ ಸಿನಿಮಾದ ಸ್ನಾನಗೃಹಕ್ಕೆ ಇದೇ ಮಾದರಿ ಅಂತ ಟ್ರಾವೆಲ್ ವೀಡಿಯೋಗಳೆಲ್ಲ ಹೇಳ್ತವೆ, ರಾತ್ರಿ ದೀಪ ಹಾಕಿದಾಗ ಎದುರಿಗೆ ಫೋಟೋಗೆ ನೂಕುನುಗ್ಗಲು. ನನಗೆ ಇಷ್ಟವಾಗಿದ್ದು ಬೇರೆ. ಒಂದರ ಮೇಲೊಂದು ಏರಿದ ಮಾಡು, ತುದಿಯಲ್ಲಿ ಕೆಂಪು ಗಾಜಿನ ಕಿಟಕಿಯ ಪುಟ್ಟ ಗೋಪುರ, ಅದರ ನೆತ್ತಿ ಮೇಲೆ ಒಂದು ಬೆಳ್ಳಕ್ಕಿ. ಗಾಯವಾದ ಬೆಳ್ಳಕ್ಕಿಯೊಂದು ಈ ನೀರಲ್ಲಿ ಕಾಲಿಟ್ಟು ವಾಸಿ ಮಾಡ್ಕೊಂಡಿದ್ದು ನೋಡಿ ಜನ ಬುಗ್ಗೆಯನ್ನ ಕಂಡುಕೊಂಡರು ಅಂತ ಐತಿಹ್ಯ. ಆ ಗೋಪುರದಲ್ಲಿ ದಿನಕ್ಕೆ ಮೂರು ಸಲ ಡೋಲು ಬಾರಿಸ್ತಾರೆ. ಬೆಳಗ್ಗೆ 6ಕ್ಕೆ ಡೋಲು ಬಿದ್ದ ಕೂಡಲೇ ಬಾಗಿಲು ತೆಗೀತಾರೆ. ಹದಿನೆಂಟು ಬಾವಿಗಳಿಂದ ಬರೋ 20ರಿಂದ 55 ಡಿಗ್ರಿವರೆಗಿನ ನೀರನ್ನ ಬೆರೆಸಿ ಸುಮಾರು 42 ಡಿಗ್ರಿಗೆ ತರ್ತಾರೆ. ಕಾಯಿಸೋದೂ ಇಲ್ಲ, ತಣ್ಣೀರು ಸೇರಿಸೋದೂ ಇಲ್ಲ. 1994ರಲ್ಲಿ ಇದನ್ನ ರಾಷ್ಟ್ರೀಯ ಸಾಂಸ್ಕೃತಿಕ ಆಸ್ತಿ ಅಂತ ಘೋಷಿಸಿದರು. 2019ರ ಜನವರಿಯಲ್ಲಿ ದುರಸ್ತಿ ಶುರುವಾಗಿ, 2024ರ ಜುಲೈನಲ್ಲಿ ಇಡೀ ಕಟ್ಟಡ ಮತ್ತೆ ತೆರೀತು, ದುರಸ್ತಿ ನಡೆಯುವಾಗಲೂ ಒಂದಲ್ಲ ಒಂದು ಭಾಗದಲ್ಲಿ ಸ್ನಾನ ನಡೀತಿತ್ತು. ಲೈವ್ ಸಿಸ್ಟಮ್ ನಿಲ್ಲಿಸದೇ ಮೈಗ್ರೇಷನ್ ಮಾಡಿದವರಿಗೆ ಇದರ ಕಷ್ಟ ಅರ್ಥವಾಗುತ್ತೆ.

ಇನ್ನು ಒಳಗೆ. ಅಂಗಡಿಬೀದಿಯ ಎದುರಿಗೇ ಬಾಗಿಲು, ಚಪ್ಪಲಿ ಬಿಟ್ಟು, 700 ಯೆನ್ ಕೊಟ್ಟು, ಬಟ್ಟೆ ಎಲ್ಲಾ ಅಂದರೆ ಎಲ್ಲಾ ಬಿಚ್ಚಿ ಒಳಗೆ ಹೋಗಬೇಕು. ಹೊಳೆಗೆ ಹೋದರೂ ಚಡ್ಡಿ ಬಿಚ್ಚದ ನಮ್ಮಂಥವರಿಗೆ ಮೊದಲ ಐದು ನಿಮಿಷ ಎಲ್ಲಿ ನೋಡಬೇಕು, ಕೈ ಎಲ್ಲಿಡಬೇಕು ಗೊತ್ತಾಗಲ್ಲ. ಆಮೇಲೆ ಗೊತ್ತಾಗುತ್ತೆ, ಯಾರೂ ನೋಡ್ತಿಲ್ಲ. ಸಣ್ಣ ಸ್ಟೂಲ್ ಮೇಲೆ ಕೂತು ಮೈ ಚೆನ್ನಾಗಿ ತಿಕ್ಕಿ ತೊಳೆದು, ಆಮೇಲಷ್ಟೇ ತೊಟ್ಟಿಗೆ ಇಳಿಯಬೇಕು. ಗ್ರಾನೈಟಿನ ಆಳವಾದ ತೊಟ್ಟಿ, ನಡುವೆ ಕಲ್ಲಿನ ದೊಡ್ಡ ಹಂಡೆಯಂಥದ್ದು, ಅದರ ಬಾಯಿಂದ ಬಿಸಿನೀರು. ನಾನು ಟವೆಲ್ ಹಿಡ್ಕೊಂಡೇ ಇಳಿದೆ. ಅದೇ ಅಜ್ಜ ತಲೆ ಮುಟ್ಟಿ ತೋರಿಸಿದರು: ಟವೆಲ್ ನೀರಿಗೆ ತಾಗಬಾರದು, ತಲೆ ಮೇಲಿಟ್ಟುಕೋ.

ಜಪಾನಿನ ಸ್ನಾನದ ಬಗ್ಗೆ ಬರೆಯೋರೆಲ್ಲ ತಪ್ಪದೇ ಹೇಳೋ ಮಾತು ಒಂದಿದೆ. ಬಟ್ಟೆ ಬಿಚ್ಚಿದ ಮೇಲೆ ದೊಡ್ಡವನು ಚಿಕ್ಕವನು ಇಲ್ಲ, ನೀರಲ್ಲಿ ಎಲ್ಲರೂ ಸಮಾನರು ಅಂತ. ಕೇಳೋಕೆ ಚೆಂದ. ಆದರೆ ದೋಗೋದಲ್ಲಿ 1638ರ ಸುಮಾರಿಗೆ ಮತ್ಸುಯಾಮಾದ ಪಾಳೇಗಾರ ಸ್ನಾನದ ಮನೆ ವ್ಯವಸ್ಥೆ ಮಾಡಿದಾಗ ಮೊದಲನೇ ತೊಟ್ಟಿ ಸಮುರಾಯ್ ಮತ್ತು ಭಿಕ್ಷುಗಳಿಗೆ, ಎರಡನೇದು ಹೆಂಗಸರಿಗೆ, ಮೂರನೇದು ಸಾಮಾನ್ಯ ಗಂಡಸರಿಗೆ. ಈಗಿನ ಕಟ್ಟಡದಲ್ಲೇ 1899ರಲ್ಲಿ ರಾಜಮನೆತನಕ್ಕೆ ಅಂತಲೇ ಕಟ್ಟಿದ ಪ್ರತ್ಯೇಕ ಸ್ನಾನದ ಕೋಣೆ ಇದೆ, ಟಿಕೆಟ್ ಕೊಟ್ಟು ನೋಡಬಹುದು, ಇಳಿಯೋ ಹಾಗಿಲ್ಲ. ಇವತ್ತಿಗೂ 700 ಯೆನ್‌ಗೆ ಕೆಳಗಿನ ಸ್ನಾನ ಮಾತ್ರ. 1,300 ಕೊಟ್ಟರೆ ಸ್ನಾನ ಮುಗಿಸಿ ಮಹಡಿ ಮೇಲೆ ಚಾಪೆ ಹಾಸಿದ ಹಜಾರದಲ್ಲಿ ಯುಕಾತಾ ಸುತ್ಕೊಂಡು ಚಹಾ ಕುಡೀಬಹುದು. ಇನ್ನೂ ಹೆಚ್ಚು ಕೊಟ್ಟರೆ ಇನ್ನೂ ಮೇಲೆ, ಇನ್ನೂ ಚಿಕ್ಕ ತೊಟ್ಟಿ, ಇನ್ನೂ ಕಮ್ಮಿ ಜನ.

ನಮ್ಮ ಬೊಚ್ಚಾನ್ ಹೋಗ್ತಿದ್ದಿದ್ದು 8 ಸೆನ್ ಕೊಡೋ ಮೇಲ್ದರ್ಜೆಗೆ, ದಿನಾ. 40 ಯೆನ್ ಸಂಬಳಕ್ಕೆ ಇದು ದುಂದು ಅಂತ ಊರವರು ಆಡ್ಕೊಂಡರೆ, ನಿಮಗ್ಯಾಕೆ ಅಂತ ಸಿಡುಕ್ತಾನೆ. ಊರವರು ಮೂಗು ತೂರಿಸೋದು ನಿಜ, ನನಗೂ ಅದರ ಅನುಭವ ಸಾಕಷ್ಟಿದೆ. ಆದರೆ ಊರಲ್ಲಿ ಒಬ್ಬ ಏನು ತಿಂದ, ಎಷ್ಟು ಕೊಟ್ಟ ಅಂತ ಲೆಕ್ಕ ಇಡೋರು, ಆ ದುಡ್ಡಿನ ಬೆಲೆ ಗೊತ್ತಿರೋರು. ಅದನ್ನ ಬರೀ ಸಣ್ಣತನ ಅಂತ ಓದೋಕೆ ಬೆಂಗಳೂರಿನ ಪಿಜಿಯಲ್ಲಿ ಸುಲಭ.

ಆ ಬಿಸಿನೀರಲ್ಲಿ ಕೂತಾಗ ನೆನಪಾಗಿದ್ದು ನಮ್ಮ ಮನೆ ಬಚ್ಚಲು. ಕೆಲಸಕ್ಕೆ ಸೇರಿ ಮೂರು ವರ್ಷ ಆಗಿತ್ತು. ದೀಪಾವಳಿಗೆ ಊರಿಗೆ ಹೋಗಿದ್ದೆ. ನೀರು ತುಂಬೋ ಹಬ್ಬದ ದಿನ ಅವ್ವ ಹಂಡೆ ಬೆಳಗಿ, ಸುಣ್ಣ ಕೆಮ್ಮಣ್ಣು ಬಳಿದು, ಹೂ ಮುಡಿಸಿ, ಬೆಳಗಿನ ಜಾವಕ್ಕೇ ಎದ್ದು ತೆಂಗಿನ ಮಟ್ಟೆ ಉರಿ ಹಾಕಿದ್ದಳು. ನಾನು ಒಳಗೆ ಹೋದವನು, ಹೊಗೆ, ಕಣ್ಣುರಿ, ಬಾಗಿಲಿಗೆ ಚಿಲಕ ಇಲ್ಲ, ಹೆಂಗೆ ಸ್ನಾನ ಮಾಡ್ತೀರೋ ಅಂತ ಗೊಣಗಿದೆ. ಅಪ್ಪ ಏನೂ ಅನ್ನಲಿಲ್ಲ. ಯುಗಾದಿಗೆ ಹೋದರೆ ಹಿತ್ತಲಲ್ಲಿ ಹೊಸ ಬಾತ್‌ರೂಮು. ಗೀಸರ್ರು, ಕಮೋಡು, ಗೋಡೆಗೆ ಒಂದು ಕಡೆ ಗುಲಾಬಿ, ಒಂದು ಕಡೆ ನೀಲಿ ಟೈಲ್ಸು. ‘ನಿಂಗೆ ಒಗ್ಗಲ್ಲ ಅಂದ್ಯಲ್ಲ’ ಅಂದರು ಅಪ್ಪ, ಅಷ್ಟೆ. ನಾನು ಟೈಲ್ಸಿನ ಫೋಟೋ ತೆಗೆದು ಕಾಲೇಜು ಗೆಳೆಯರ ಗ್ರೂಪಿಗೆ ಹಾಕಿದೆ. ಎಲ್ಲರೂ ನಕ್ಕರು. ಎಷ್ಟಾಯಿತು, ಎಲ್ಲಿಂದ ತಂದ್ರಿ ಅಂತ ನಾನು ಕೇಳಲಿಲ್ಲ. ಎರಡು ವರ್ಷ ಆದಮೇಲೆ ಯಾವುದೋ ಮಾತಿಗೆ ಅವ್ವ ಹೇಳಿದಳು, ಮುಂದಿನ ಎರಡು ಕೊಯ್ಲಿನ ಕಾಯಿ ದುಡ್ಡು ಮುಂಗಡ ಈಸ್ಕೊಂಡು ಕಟ್ಟಿಸಿದ್ದು ಅಂತ. ಅಪ್ಪ ಇವತ್ತಿಗೂ ಹಂಡೆ ನೀರೇ ಹುಯ್ಕೊಳ್ಳೋದು.

ಬೊಚ್ಚಾನ್ ನಮ್ಮವನು ಅಂತ ಪಿಜಿಯಲ್ಲಿ ಅನ್ನಿಸಿದ್ದು ತಪ್ಪೇನಲ್ಲ. ಯಾವುದರಲ್ಲಿ ನಮ್ಮವನು ಅನ್ನೋದು ಗೊತ್ತಾಗೋಕೆ ಇಷ್ಟು ದಿನ ಬೇಕಾಯ್ತು.

ಹಾಗಾದರೆ ಇದು ಕೆಟ್ಟ ಪುಸ್ತಕವಾ? ಖಂಡಿತ ಅಲ್ಲ. ಸೋಸೆಕಿಯನ್ನೂ ಬೊಚ್ಚಾನನ್ನೂ ಒಂದು ಮಾಡಬಾರದು. ಸೋಸೆಕಿ ಮತ್ಸುಯಾಮಾದಲ್ಲಿ ಪಡೀತಿದ್ದ ಸಂಬಳ 80 ಯೆನ್, ಮುಖ್ಯೋಪಾಧ್ಯಾಯರಿಗಿಂತ ಹೆಚ್ಚು. ಅವರ ಜೀವದ ಗೆಳೆಯ, ಹೈಕು ಕವಿ ಮಾಸಾಓಕಾ ಶಿಕಿ, ಇದೇ ಊರಿನವರು. 1895ರಲ್ಲಿ ಇಬ್ಬರೂ ಒಂದೇ ಮನೆಯಲ್ಲಿ ಸುಮಾರು 50 ದಿನ ಇದ್ದರು. ಗೆಳೆಯರೊಬ್ಬರಿಗೆ ಬರೆದ ಕಾಗದದಲ್ಲಿ, 8 ಸೆನ್ ಕೊಟ್ಟರೆ ಚಹಾ ತಿಂಡಿ ಕೊಟ್ಟು ತಲೆಗೂ ಸೋಪು ಹಾಕಿ ತೊಳೀತಾರೆ ಅಂತ ಸೋಸೆಕಿ ಖುಷಿಯಿಂದ ಹೇಳ್ಕೊಂಡಿದಾರೆ. ಅದಕ್ಕಿಂತ ದೊಡ್ಡದು, 1914ರಲ್ಲಿ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣವೊಂದರಲ್ಲಿ ಅವರು ಹೇಳಿದ್ದು: ಆ ಶಾಲೆಯಲ್ಲಿ ಸಾಹಿತ್ಯದ ಪದವಿ ಇದ್ದವನು ನಾನೊಬ್ಬನೇ, ಹಾಗಾಗಿ ಪಾತ್ರಗಳಿಗೆ ಮೂಲ ಹುಡುಕೋದಾದರೆ ಕೆಂಪಂಗಿ ನಾನೇ ಆಗಬೇಕಾಗುತ್ತೆ ಅಂತ. ತನ್ನನ್ನೇ ಕೇಡಿಗನ ಜಾಗದಲ್ಲಿ ನಿಲ್ಲಿಸಿ ನಗಬಲ್ಲ ಲೇಖಕ ಇವರು. ಬೊಚ್ಚಾನ್‌ನ ಕುರುಡುತನ ಅವರಿಗೆ ಗೊತ್ತಿತ್ತು ಅಂತಲೇ ನನ್ನ ನಂಬಿಕೆ. ಇಲ್ಲದಿದ್ದರೆ ಆ ಹುಡುಗರ ಬಾಯಲ್ಲಿ ‘ಇನಾಗೊ’ ಅಂತ ಹೇಳಿಸ್ತಿರಲಿಲ್ಲ. ನನ್ನ ತಕರಾರು ಇಷ್ಟೇ: ಇನ್ನೂರು ಪುಟದ ಉದ್ದಕ್ಕೂ ಬೊಚ್ಚಾನ್‌ನ ದನಿ ಅಷ್ಟು ಲವಲವಿಕೆಯಿಂದ ಮಾತಾಡುತ್ತೆ, ಊರಿಗೆ ಬಾಯಿ ಇದೆ ಅನ್ನೋದು ನಮಗೆ ಮರೆತೇ ಹೋಗುತ್ತೆ. ಆ ಹುಡುಗರಲ್ಲಿ ಒಬ್ಬನ ಮನೆಗೂ ಕಾದಂಬರಿ ಹೋಗಿ ಬರಲ್ಲ.

ಊರು ಮಾತ್ರ ಬಾಯಿ ಮುಚ್ಕೊಂಡು ಕೂರಲಿಲ್ಲ. ಬೈದವನ ಹೆಸರನ್ನೇ ರೈಲಿಗಿಟ್ಟಿತು, ಉಂಡೆಗಿಟ್ಟಿತು, ಮೈದಾನಕ್ಕಿಟ್ಟಿತು. ಮೊದಲು ನನಗೆ ಇದು ಮಾನಗೆಟ್ಟ ವ್ಯಾಪಾರ ಅನ್ನಿಸಿತ್ತು. ವ್ಯಾಪಾರ ಹೌದು. ಆದರೆ ಆ ಹಲಗೆ ನೋಡಿದ ಮೇಲೆ ಬೇರೆ ಥರ ಕಾಣ್ತು. ರೈಲು, ಉಂಡೆ, ಮೈದಾನ ಎಲ್ಲ ಕೊಟ್ಟು, ಸ್ನಾನದ ತೊಟ್ಟಿ ಹತ್ತಿರ ಬಂದಾಗ ಮಾತ್ರ, ಬೊಚ್ಚಾನ್, ಇಲ್ಲಿ ಈಜೋ ಹಾಗಿಲ್ಲ ಅಂತ ಊರು ಇನ್ನೂ ಗದರ್ತಾನೇ ಇದೆ. ಕಪ್ಪುಹಲಗೆ ಮೇಲೆ ಬರೆದ ಆ ಹುಡುಗರ ಮೊಮ್ಮಕ್ಕಳು, ಮರಿಮಕ್ಕಳ ಕೆಲಸ ಇದು.

ನೀವು ದೋಗೋಗೆ ಹೋಗೋದಾದರೆ ಪುಸ್ತಕ ಓದಿಕೊಂಡು ಹೋಗಿ. ಬೆಳಗ್ಗೆ 6ರ ಡೋಲಿಗೆ ಬಾಗಿಲ ಮುಂದೆ ಇರಿ, ಫೋಟೋದವರು ಆಗ ಇರಲ್ಲ, ತಮ್ಮದೇ ಸೋಪಿನ ಬುಟ್ಟಿ ಹಿಡಿದ ಊರಿನ ಅಜ್ಜಂದಿರು ಇರ್ತಾರೆ. 700 ಯೆನ್ನಿನ ಟಿಕೆಟ್ ಸಾಕು.

ಅವತ್ತು ಸ್ನಾನ ಮುಗಿಸಿ ಹೊರಗೆ ಬಂದು ಅಪ್ಪನಿಗೆ ಫೋನ್ ಮಾಡಿದೆ. ಬಿಸಿನೀರು ನೆಲದಿಂದ ತಾನೇ ಬರುತ್ತೆ ಅಂದಿದ್ದಕ್ಕೆ, ‘ಸೌದೆ ಉಳೀತು ಬಿಡು’ ಅಂದರು. ಆ ಟೈಲ್ಸಿನ ಫೋಟೋ ವಿಷಯ ಹೇಳಬೇಕು ಅಂತಿದ್ದೆ. ಬಾಯಿ ಬರಲಿಲ್ಲ. ಊರಿಗೆ ಹೋದಾಗ ಹೇಳ್ತೀನಿ.